ಮೂರು ವರ್ಷದ ಮಗು ಇರುವ ಮನೆಗೆ ಯಾವ ನಾಯಿ? ಒಂದು ಪ್ರಕರಣದ ಪೂರ್ತಿ ವಿವರ

ಸಾಕುನಾಯಿಗಳ ವರ್ತನೆ ನೋಡುವುದು, ಮನೆಯವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹೆಚ್ಚಿನವರು ನಾಯಿ ಮನೆಗೆ ಬಂದು ತೊಂದರೆ ಶುರುವಾದ ಮೇಲೆ ಕರೆಯುತ್ತಾರೆ. ಈ ಮನೆಯವರು ತರುವ ಮೊದಲೇ ಕೇಳಿದರು. ಆರಿಸುವ ಹೊತ್ತಲ್ಲಿ ಏನೇನು ನೋಡಬೇಕು ಅನ್ನೋದು ಇದರಲ್ಲಿ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಮನೆಯವರ ಹೆಸರು ಬಿಟ್ಟಿದ್ದೇನೆ.

ಮನೆಯಲ್ಲಿ ಐದು ಜನ. ಅಪ್ಪ, ಅಮ್ಮ, 8 ವರ್ಷದ ಮಗಳು, 3 ವರ್ಷದ ಮಗ, ಮತ್ತೆ ಮಂಡಿನೋವಿರುವ ಅಜ್ಜಿ. ಮನೆ ಎರಡನೇ ಮಹಡಿಯಲ್ಲಿ. ಅಪ್ಪ ಬೆಳಿಗ್ಗೆ ಹೋದರೆ ಬರುವುದು ರಾತ್ರಿ. ಅಮ್ಮ ಅರ್ಧ ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ. ನಾಯಿ ಬೇಕು ಅಂತ ಹಠ ಹಿಡಿದವಳು ಮಗಳು. ಅವಳು ಮೆತ್ತಗಿನ ಸ್ವಭಾವದ ಹುಡುಗಿ, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾಳೆ. ಮಗ ಅವನ ವಯಸ್ಸಿಗೆ ತಕ್ಕ ಹಾಗೇ ಇದ್ದ: ಓಡುತ್ತಾನೆ, ಕಿರುಚುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ಯಾರಾದರೂ ಇಷ್ಟವಾದರೆ ಹಿಂದಿನಿಂದ ಬಂದು ಕುತ್ತಿಗೆಗೆ ಜೋತುಬೀಳುತ್ತಾನೆ. ಇದು ತಪ್ಪಲ್ಲ. ಆದರೆ ನಾಯಿ ಆರಿಸುವಾಗ ಮೊದಲು ಲೆಕ್ಕಕ್ಕೆ ತಗೋಬೇಕಾದದ್ದು ಇವನನ್ನೇ.

ಅವರು ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆ. "ಮಕ್ಕಳಿರೋ ಮನೆಗೆ ಯಾವ ಬ್ರೀಡ್ ಒಳ್ಳೇದು?" ಅಪ್ಪ ಆಗಲೇ ಲ್ಯಾಬ್ರಡಾರ್ ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಒಬ್ಬರ ಹತ್ತಿರ ಆರು ವಾರದ ಮರಿಗಳಿದ್ದವು, ಬೇಗ ತಗೊಂಡು ಹೋಗಿ, ಚಿಕ್ಕದರಲ್ಲೇ ತಂದರೆ ಚೆನ್ನಾಗಿ ಹೊಂದಿಕೊಳ್ಳುತ್ತೆ ಅಂತ ಅವರು ಹೇಳಿದ್ದರಂತೆ.

ಬ್ರೀಡ್ ವಿಷಯ ಮೊದಲು ಮುಗಿಸುತ್ತೇನೆ. ಲ್ಯಾಬ್ರಡಾರ್‌ಗೆ ಒಳ್ಳೆಯ ಹೆಸರಿರುವುದು ಸುಮ್ನೆ ಅಲ್ಲ. ಬೇಟೆಗಾರರ ಜೊತೆ ಕೆಲಸ ಮಾಡಲಿ, ಹೊಡೆದ ಹಕ್ಕಿಯನ್ನು ಬಾಯಲ್ಲಿ ಮೆತ್ತಗೆ ಹಿಡಿದು ತರಲಿ ಅಂತ ತಲೆಮಾರುಗಳಿಂದ ಆರಿಸಿ ಬೆಳೆಸಿದ ನಾಯಿ ಅದು, ಹೇಳಿದ್ದನ್ನು ಕೇಳುವ ಗುಣ ಜಾಸ್ತಿ. ಆದರೆ 'ಮಕ್ಕಳ ಜೊತೆ ಒಳ್ಳೇದು' ಅನ್ನುವ ಗುಣ ಬ್ರೀಡ್ ಹೆಸರಿನ ಜೊತೆ ಬರುವುದಿಲ್ಲ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರನ್ನು ಕೇಳಿ, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್ಎ ನೋಡಿ ಮಾಡಿದ್ದು. ಒಂದೊಂದು ನಾಯಿಯ ವರ್ತನೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಬ್ರೀಡ್‌ನಿಂದ ವಿವರಿಸಲು ಆಗುವುದು ಸುಮಾರು 9% ಮಾತ್ರ ಅಂತ ಅದರಲ್ಲಿ ಬಂತು. ಹೇಳಿದ ಮಾತು ಕೇಳುವಂಥ ಗುಣಗಳಲ್ಲಿ ಬ್ರೀಡ್ ಸ್ವಲ್ಪ ಸುಳಿವು ಕೊಡುತ್ತದೆ. ಆದರೆ ಹೆದರಿಕೆಯೋ ಕಿರಿಕಿರಿಯೋ ಆದಾಗ ನಾಯಿ ಎಷ್ಟು ಬೇಗ ರೇಗುತ್ತದೆ ಅನ್ನೋದನ್ನು ಹೇಳಲು ಬ್ರೀಡ್ ಹೆಚ್ಚುಕಡಿಮೆ ಉಪಯೋಗಕ್ಕೇ ಬರುವುದಿಲ್ಲ. ಮಗುವಿರುವ ಮನೆಗೆ ಬೇಕಾದ ಗುಣ ಅದೇ ಅಲ್ವಾ?

ಹಾಗಂತ ಬ್ರೀಡ್ ನೋಡಲೇಬೇಡಿ ಅಂತಲ್ಲ. ಗಾತ್ರ, ಕೂದಲು, ಓಡಾಟದ ಹಸಿವು, ಇವೆಲ್ಲ ಅದರಿಂದ ಗೊತ್ತಾಗುತ್ತವೆ. ಬಾರ್ಡರ್ ಕೋಲಿಯಂಥ ಕುರಿ ಕಾಯುವ ನಾಯಿಗಳು ಓಡುವ ಮಕ್ಕಳನ್ನೇ ಅಟ್ಟಿಸಿಕೊಂಡು ಹೋಗಿ ಹಿಮ್ಮಡಿ ಕಚ್ಚಬಹುದು. ಹಸ್ಕಿಗೆ ದಿನಾ ಗಂಟೆಗಟ್ಟಲೆ ಓಟ ಬೇಕು. ಚಿವಾವಾದಂಥ ಪುಟ್ಟ ನಾಯಿಯನ್ನು ಮಗು ಎತ್ತಿಕೊಂಡು ಕೈಬಿಟ್ಟರೆ ಕಾಲು ಮುರಿಯುತ್ತದೆ. 'ಚಿಕ್ಕ ಮಕ್ಕಳಿಗೆ ಚಿಕ್ಕ ನಾಯಿ' ಅನ್ನುವ ಲೆಕ್ಕ ಹೆಚ್ಚಾಗಿ ಉಲ್ಟಾ ಹೊಡೆಯುತ್ತದೆ.

ಇನ್ನು ಆ ಮರಿ. ಆರು ವಾರಕ್ಕೆ ತರುವುದು ಬೇಡವೇ ಬೇಡ ಅಂದೆ. ಕಡಿಮೆ ಅಂದರೂ ಎಂಟು ವಾರ ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಇರಬೇಕು. ಜೋರಾಗಿ ಕಚ್ಚಿದರೆ ಆಟ ನಿಂತುಹೋಗುತ್ತೆ ಅನ್ನೋದನ್ನು ಮರಿ ಕಲಿಯುವುದು ಅಲ್ಲೇ. ಬೇಗ ಕಿತ್ತು ತಂದರೆ ಆ ಪಾಠವನ್ನು ನಿಮ್ಮ ಮಗನ ಕೈ ಮೇಲೆ ಕಲಿಯುತ್ತೆ ಅಂದಾಗ ಅಪ್ಪ ಸ್ವಲ್ಪ ಸುಮ್ಮನಾದರು.

ಎಂಟು ವಾರದ ಮರಿಯಾದರೂ ಈ ಮನೆಗೆ ಹೊಂದುತ್ತಾ? ಮರಿಗೆ 28 ಹಾಲುಹಲ್ಲು, ಒಂದೊಂದೂ ಸೂಜಿಮೊನೆ. ಅವೆಲ್ಲ ಬಿದ್ದು 42 ದೊಡ್ಡ ಹಲ್ಲು ಬರುವಷ್ಟರಲ್ಲಿ ಆರೇಳು ತಿಂಗಳಾಗುತ್ತದೆ. ಅಲ್ಲಿವರೆಗೂ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಅದು ಅದರ ಸಹಜ ಗುಣ. ಮೂರು ವರ್ಷದ ಹುಡುಗ ಏನು ಮಾಡುತ್ತಾನೆ? ಕಿರುಚಿ ಓಡುತ್ತಾನೆ. ಮರಿಗೆ ಅದಕ್ಕಿಂತ ಒಳ್ಳೆಯ ಆಟ ಬೇರೆ ಇಲ್ಲ, ಚಡ್ಡಿ ಹಿಡಿದು ಎಳೆಯುತ್ತೆ, ಅವನು ಇನ್ನೂ ಜೋರಾಗಿ ಕಿರುಚುತ್ತಾನೆ. ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು, ಈ ಗಲಾಟೆಯಲ್ಲಿ ಎಲ್ಲಿ ಮಲಗುತ್ತೆ? ನಿದ್ದೆಗೆಟ್ಟ ಮರಿ ಇನ್ನೂ ಜಾಸ್ತಿ ಕಚ್ಚುತ್ತದೆ. ಒಂದೆರಡು ಗಂಟೆಗೊಮ್ಮೆ ಮೂತ್ರಕ್ಕೆ ಎರಡು ಮಹಡಿ ಇಳಿಸಬೇಕು. ವರ್ಷ ತುಂಬುವ ಹೊತ್ತಿಗೆ ಸುಮಾರು 30 ಕಿಲೋ ತೂಗುವ, ಇನ್ನೂ ಬುದ್ಧಿ ಬಲಿಯದ ಹರೆಯದ ನಾಯಿ ಮನೆಯಲ್ಲಿ ಹಾರಾಡುತ್ತಿರುತ್ತದೆ. ಅಜ್ಜಿಯ ಮೇಲೆ ಅದು ಒಂದು ಸಲ ಎರಗಿದರೆ ಸಾಕು.

"ಇದನ್ನೆಲ್ಲ ದಿನಾ ಮಾಡೋರು ಯಾರು?" ಅಂತ ಕೇಳಿದೆ. ಅಪ್ಪ ಮಗಳ ಮುಖ ನೋಡಿದರು. ಅಮ್ಮ ಮಾತ್ರ, "ಕೊನೆಗೆ ನನ್ನ ತಲೆಗೇ ಬರುತ್ತೆ ಬಿಡಿ" ಅಂದರು. ಈ ಮಾತನ್ನು ನಾಯಿ ತರುವ ಮೊದಲೇ ಹೇಳಿಕೊಳ್ಳುವ ಮನೆಗಳು ಕಡಿಮೆ. ಎಂಟು ವರ್ಷದ ಮಗುವಿಗೆ ನಾಯಿಯ ಜವಾಬ್ದಾರಿ ಕೊಡುತ್ತೇವೆ ಅನ್ನುವುದು ಕೇಳಲು ಚೆನ್ನಾಗಿದೆ, ಆದರೆ ಅವಳು ಸಹಾಯ ಮಾಡಬಲ್ಲಳು ಅಷ್ಟೇ. ನಾಯಿ ಯಾವತ್ತೂ ದೊಡ್ಡವರ ಜವಾಬ್ದಾರಿ.

ಹಾಗಾಗಿ ನನ್ನ ಸಲಹೆ, ಸ್ವಭಾವ ಆಗಲೇ ಗಟ್ಟಿಯಾಗಿರುವ, ಎರಡರಿಂದ ಆರು ವರ್ಷದ ಒಳಗಿನ ನಾಯಿ. ಅದರ ಗಾತ್ರ ಎದುರಿಗೇ ಕಾಣುತ್ತದೆ, ಮಗು ಕಿರುಚಿದರೆ ಏನು ಮಾಡುತ್ತದೆ ಅನ್ನೋದನ್ನು ನಿಂತು ನೋಡಬಹುದು. ಮರಿಯಲ್ಲಿ ಇದು ಆಗದು. ಏಳೆಂಟು ವಾರದ ಮರಿಯನ್ನು ಪರೀಕ್ಷೆ ಮಾಡಿ ಅದು ಬೆಳೆದ ಮೇಲೆ ಹೇಗಿರುತ್ತೆ ಅಂತ ನಂಬಿಕೆಯಿಂದ ಹೇಳಲು ಸಾಧ್ಯವಿಲ್ಲ.

ಅಪ್ಪನಿಗೆ ಒಂದು ಭಯವಿತ್ತು. "ದೊಡ್ಡ ನಾಯಿಯ ಹಿಂದಿನ ಕಥೆ ನಮಗೆ ಗೊತ್ತಿರಲ್ಲ. ಮರಿಯಿಂದ ಸಾಕಿದ್ರೆ ಕಚ್ಚಲ್ಲ ಅಲ್ವಾ?" ಇದು ಬಹಳ ಜನರ ಮನಸ್ಸಲ್ಲಿರುವ ಮಾತು, ಅದಕ್ಕೆ ವಿವರವಾಗಿ ಉತ್ತರ ಕೊಟ್ಟೆ. 2007ರಲ್ಲಿ ಪ್ರಾಣಿಗಳ ವರ್ತನೆಯ ತಜ್ಞೆ ಇಲಾನಾ ರೈಸ್ನರ್ ಮತ್ತು ಸಂಗಡಿಗರು ಮಕ್ಕಳನ್ನು ಕಚ್ಚಿದ 103 ನಾಯಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಇದೆ. ಹಿನ್ನೆಲೆ ಗೊತ್ತಿದ್ದ ನಾಯಿಗಳಲ್ಲಿ 66% ಅದಕ್ಕೆ ಮುಂಚೆ ಯಾವ ಮಗುವನ್ನೂ ಕಚ್ಚಿರಲಿಲ್ಲ. ಪರಿಚಯದ ಮಕ್ಕಳನ್ನು ಕಚ್ಚಿದ ಸಂದರ್ಭಗಳಲ್ಲಿ ಎಲ್ಲಕ್ಕಿಂತ ಹೆಚ್ಚು, ಅಂದರೆ 42%, ನಾಯಿ ತನ್ನ ಊಟವನ್ನು ಯಾರೂ ಮುಟ್ಟದ ಹಾಗೆ ಕಾವಲು ಕಾಯುತ್ತಿದ್ದಾಗ ಆದದ್ದು. ಅರ್ಧದಷ್ಟು ನಾಯಿಗಳಿಗೆ ಏನೋ ಒಂದು ಆರೋಗ್ಯದ ತೊಂದರೆ ಇತ್ತು ಅಥವಾ ಇರಬಹುದು ಅನ್ನುವ ಅನುಮಾನವಿತ್ತು. ಅಂದರೆ 'ಇದುವರೆಗೂ ಕಚ್ಚಿಲ್ಲ' ಅನ್ನೋದು ಭರವಸೆ ಅಲ್ಲ, 'ನಾವೇ ಸಾಕಿದ್ದು' ಅನ್ನೋದೂ ಅಲ್ಲ. ನಾಯಿ ಈಗ ಏನು ಹೇಳುತ್ತಿದೆ ಅಂತ ನೋಡಲು ಬರಬೇಕು.

ಮೂರು ನಾಯಿಗಳನ್ನು ನೋಡಿದೆವು.

ಮೊದಲನೆಯದು ಅವರ ನೆಂಟರ ಮನೆಯ ಪಾಮರೇನಿಯನ್. ಐದು ವರ್ಷ, ವಯಸ್ಸಾದ ದಂಪತಿಯ ಜೊತೆ ಬೆಳೆದದ್ದು, ಮಕ್ಕಳನ್ನು ಕಂಡದ್ದೇ ಇಲ್ಲ. ಹುಡುಗ ಒಳಗೆ ಬಂದ ಕೂಡಲೇ ಸೋಫಾ ಹಿಂದೆ ಸೇರಿಕೊಂಡು ಬೊಗಳತೊಡಗಿತು, ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ. ಒಳ್ಳೆಯ ನಾಯಿಯೇ. ಮಕ್ಕಳಿಲ್ಲದ ಮನೆಯಲ್ಲಿ ಸುಖವಾಗಿರಲಿ.

ಎರಡನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಶೆಲ್ಟರ್‌ನಲ್ಲಿದ್ದ ನಾಲ್ಕು ವರ್ಷದ ಗೋಲ್ಡನ್ ರಿಟ್ರೀವರ್. ಅಲ್ಲಿನವರು ಬಹಳ ಹೊಗಳಿದರು, "ಎಷ್ಟು ಮಕ್ಕಳು ಬಂದು ಎಳೆದಾಡಿದರೂ ಕಮಕ್ ಕಿಮಕ್ ಅನ್ನಲ್ಲ" ಅಂತ. ಅಪ್ಪ, ಮಗಳು ಇಬ್ಬರೂ ಅಲ್ಲೇ ಮನಸೋತರು. ನಾನು ಹುಡುಗನನ್ನು ಕೈ ಹಿಡಿದು ದೂರ ನಿಲ್ಲಿಸಿಕೊಂಡು, ಮಗಳನ್ನು ಮಾತ್ರ ಹತ್ತಿರ ಕೂರಿಸಿ ಮೆತ್ತಗೆ ಕುತ್ತಿಗೆ ಸವರು ಅಂದೆ. ನಾಯಿ ಅಲ್ಲಾಡಲಿಲ್ಲ. ಬಾಯಿ ಮುಚ್ಚಿಕೊಂಡಿತು, ಅದುವರೆಗೂ ಸಡಿಲವಾಗಿ ತೆರೆದಿತ್ತು. ನಾಲಿಗೆ ಒಂದು ಸಲ ಮೂಗಿನ ಮೇಲೆ ಹೋಗಿ ಬಂತು. ಕಿವಿ ಹಿಂದಕ್ಕೆ ಅಂಟಿಕೊಂಡವು. ತಲೆ ಆ ಕಡೆ ತಿರುಗಿಸಿ ಕಣ್ಣು ಮಾತ್ರ ಇವಳ ಕಡೆ ಇಟ್ಟಿತ್ತು, ಕಣ್ಣಿನ ಬಿಳಿ ಅರ್ಧಚಂದ್ರದ ಹಾಗೆ ಕಾಣುತ್ತಿತ್ತು. ಆಮೇಲೆ ಒಂದು ಆಕಳಿಕೆ. ಕೈ ತೆಗಿ ಅಂದೆ. ತೆಗೆದ ತಕ್ಷಣ ಎದ್ದು, ಮೈಯೆಲ್ಲ ಕೊಡವಿಕೊಂಡು, ಗೋಡೆ ಪಕ್ಕ ಹೋಗಿ ಮಲಗಿತು.

ಮಗಳು "ಅದಕ್ಕೆ ನಿದ್ದೆ ಬಂತಾ?" ಅಂದಳು. ನಿದ್ದೆ ಬಂದಿರಲಿಲ್ಲ. ಅದು ಅಷ್ಟು ಹೊತ್ತೂ ಸಾಕು ಸಾಕು ಅಂತ ಹೇಳುತ್ತಿತ್ತು. ಯಾರಿಗೂ ಕೇಳಿಸದೇ ಇದ್ದದ್ದರಿಂದ ಸಹಿಸಿಕೊಂಡು ಕೂರುವುದನ್ನು ಕಲಿತಿತ್ತು. ಜನ ತಾಳ್ಮೆ ಅಂತ ಹೊಗಳುವುದು ಎಷ್ಟೋ ಸಲ ಇದನ್ನೇ. ಸಹಿಸಿಕೊಳ್ಳುವ ನಾಯಿಗೂ ಮಕ್ಕಳನ್ನು ಇಷ್ಟಪಡುವ ನಾಯಿಗೂ ಬಹಳ ವ್ಯತ್ಯಾಸ ಇದೆ. ಸಹನೆಗೆ ಒಂದು ಕೊನೆ ಇರುತ್ತದೆ, ಕಾಲು ನೋವಿರುವ ದಿನ, ನಿದ್ದೆ ಕೆಟ್ಟ ದಿನ ಆ ಕೊನೆ ಬೇಗ ಬರುತ್ತದೆ. ಮೂರು ವರ್ಷದ ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತದೆ, ಚಿಕ್ಕ ಮಕ್ಕಳಿಗೆ ಮುಖ, ತಲೆ, ಕುತ್ತಿಗೆಗೆ ಹೆಚ್ಚು ಗಾಯವಾಗುವುದು ಅದಕ್ಕೇ. ಬೇಡ ಅಂದೆ. ಅಪ್ಪನಿಗೆ ಬೇಜಾರಾಯಿತು, ಮುಖದಲ್ಲೇ ಕಾಣುತ್ತಿತ್ತು. ಆದರೂ ಆ ನಾಯಿಗೂ ಈ ಮಗುವಿಗೂ ಇಬ್ಬರಿಗೂ ಅನ್ಯಾಯವಾಗುವ ಜೋಡಿಗೆ ನಾನು ಹೂಂ ಅನ್ನಲಾರೆ.

ಮೂರನೆಯದು ಅದೇ ಶೆಲ್ಟರ್‌ನ ಮಿಶ್ರತಳಿಯ ಹೆಣ್ಣುನಾಯಿ. ಸುಮಾರು ಮೂರು ವರ್ಷ, 18 ಕಿಲೋ, ಕಂದು ಬಣ್ಣ. ನೋಡಲು ವಿಶೇಷವೇನಿಲ್ಲ, ಅದನ್ನು ಕೇಳಿಕೊಂಡು ಬಂದವರೂ ಇರಲಿಲ್ಲ. ಮೊದಲು ಮಕ್ಕಳಿದ್ದ ಮನೆಯಲ್ಲೇ ಇತ್ತು, ಆ ಮನೆಯವರು ದೂರ ಹೋಗಬೇಕಾಗಿ ಬಂದು ಬಿಟ್ಟುಹೋಗಿದ್ದರು. ಇದನ್ನೂ ಹಾಗೇ ನೋಡಿದೆವು. ಮಗಳು ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತಳು, ಕೈ ಚಾಚಲಿಲ್ಲ. ನಾಯಿ ತಾನೇ ಬಂತು, ಮೂಸಿತು, ಬೆನ್ನನ್ನು ಅವಳ ತೊಡೆಗೆ ಒರಗಿಸಿತು. ಮೂರು ಸೆಕೆಂಡ್ ಸವರಿ ಕೈ ತೆಗಿ ಅಂದಿದ್ದೆ. ಕೈ ತೆಗೆದಾಗ ನಾಯಿ ತಿರುಗಿ ನೋಡಿ, ಮೂತಿಯಿಂದ ಅವಳ ಕೈಯನ್ನು ಮೇಲೆತ್ತಿತು. ಇನ್ನೂ ಸವರು ಅಂತ. ಇದನ್ನೇ ನಾನು ಹುಡುಕುತ್ತಿದ್ದದ್ದು: ತಾನಾಗಿ ಬರುವುದು, ಬಿಟ್ಟಾಗ ಮತ್ತೆ ಕೇಳುವುದು.

ಹುಡುಗನ ಸರದಿ ಬರುವ ಮೊದಲೇ ಅವನು ಅಪ್ಪನ ಕೈಯಲ್ಲಿ ಕೊಸರಾಡಿ ಜೋರಾಗಿ ಕಿರುಚಿದ. ನಾಯಿ ಬೆಚ್ಚಿ ಎರಡು ಹೆಜ್ಜೆ ಹಿಂದೆ ಹೋಯಿತು. ಅಮ್ಮನಿಗೆ ಗಾಬರಿ. ನಾನು ಕಾಯಿರಿ ಅಂದೆ, ಯಾಕಂದ್ರೆ ಬೆಚ್ಚುವುದು ತಪ್ಪಲ್ಲ, ಬೆಚ್ಚಿದ ಮೇಲೆ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಅನ್ನೋದು ಮುಖ್ಯ. ಒಂದೆರಡು ಉಸಿರಿನಷ್ಟು ಹೊತ್ತು, ಅಷ್ಟೇ. ಬಾಲ ಸೊಂಟದ ಮಟ್ಟಕ್ಕೆ ಸಡಿಲವಾಗಿ ಆಡತೊಡಗಿತು, ಹುಡುಗನ ಕಡೆಗೇ ನಡೆದು ಬಂದು ಅವನ ಚಪ್ಪಲಿ ಮೂಸಿತು. ಇನ್ನೊಂದು ದಿನ ಹೋಗಿ ಊಟದ ತಟ್ಟೆ ಮುಂದಿಟ್ಟು, ಮಕ್ಕಳಿಲ್ಲದೆ ನಾನೊಬ್ಬನೇ ದೂರದಿಂದ ಹಾದುಹೋದೆ. ಮೈ ಬಿಗಿಯಲಿಲ್ಲ, ತಿನ್ನುವ ವೇಗ ಹೆಚ್ಚಲಿಲ್ಲ, ತಲೆಯೆತ್ತಿ ಬಾಲ ಆಡಿಸಿ ಮತ್ತೆ ತಿನ್ನತೊಡಗಿತು. ತಟ್ಟೆಗೆ ಕೈ ಹಾಕಿ ನೋಡುವ ಪರೀಕ್ಷೆ ಮಾತ್ರ ಯಾರೂ ಮಾಡಬೇಡಿ, ಸುಮ್ಮನಿದ್ದ ನಾಯಿಗೂ ಅದು ಊಟ ಕಾಯುವುದನ್ನು ಕಲಿಸುತ್ತದೆ.

ಪಶುವೈದ್ಯರ ಹತ್ತಿರ ತೋರಿಸಿ, ರೇಬಿಸ್ ಲಸಿಕೆಯ ದಾಖಲೆ ನೋಡಿ, ಜಂತುಹುಳುವಿನ ಔಷಧಿ ಹಾಕಿಸಿ ಮನೆಗೆ ತಂದರು. ಮಗಳು ಜೇನು ಅಂತ ಹೆಸರಿಟ್ಟಳು.

ಮನೆಯಲ್ಲಿ ಮಾಡಿಸಿದ ಏರ್ಪಾಡು ಹೀಗಿತ್ತು. ಅಮ್ಮ ಕೆಲಸ ಮಾಡುವ ಕೋಣೆಯ ಒಂದು ಮೂಲೆ ಜೇನುವಿನದು, ಅಲ್ಲಿ ಹಾಸಿಗೆ. ಆ ಕೋಣೆಯ ಬಾಗಿಲಿಗೆ ಮಕ್ಕಳನ್ನು ತಡೆಯುವ ಗೇಟ್ ಹಾಕಿಸಿದೆವು, ನಾಯಿ ಆ ಕಡೆ ಇದ್ದರೆ ಹುಡುಗ ಒಳಗೆ ಹೋಗುವ ಹಾಗಿಲ್ಲ. ಊಟ, ಅಗಿಯುವ ಬೊಂಬೆ ಎರಡೂ ಗೇಟ್ ಒಳಗೇ. ದೊಡ್ಡ ನಾಯಿಗೂ ದಿನಕ್ಕೆ 12ರಿಂದ 14 ಗಂಟೆ ನಿದ್ದೆ ಬೇಕು, ಮಲಗಿದ ನಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಎಬ್ಬಿಸಬೇಕಾದರೆ ದೂರದಿಂದ ಹೆಸರು ಹಿಡಿದು ಕರೆಯಬೇಕು. ಹುಡುಗನಿಗೆ ನಿಯಮ ಹೇಳಿ ಪ್ರಯೋಜನವಿಲ್ಲ, ಆ ವಯಸ್ಸಿಗೆ ನೆನಪಿರುವುದಿಲ್ಲ. ಹಲ್ಲು ತೋರಿಸುವ ನಾಯಿ ನಗುತ್ತಿದೆ ಅಂತಲೇ ಚಿಕ್ಕ ಮಕ್ಕಳು ಎಷ್ಟೋ ಸಲ ತಿಳಿದುಕೊಳ್ಳುತ್ತಾರೆ. ಅವನಿಗೆ ಒಂದೇ ಆಟ ಕಲಿಸಿದೆವು: ಕೂತು, ತೊಡೆ ತಟ್ಟಿ, ಜೇನು ಬಾ ಅನ್ನುವುದು. ಬಂದರೆ ಸವರಬಹುದು. ಬರದಿದ್ದರೆ ಇವತ್ತು ಅದಕ್ಕೆ ಇಷ್ಟವಿಲ್ಲ.

ದೊಡ್ಡವರ ಕಣ್ಣಿರಬೇಕು ಅಂದಾಗ ಅಪ್ಪ, "ನಾವು ಹಾಲ್‌ನಲ್ಲೇ ಇರ್ತೀವಲ್ಲ" ಅಂದರು. ಮೊಬೈಲ್ ನೋಡಿಕೊಂಡು ಹಾಲ್‌ನಲ್ಲಿ ಇರುವುದು ಸಾಲದು. ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರ ಕೂರಬೇಕು, ಇಬ್ಬರನ್ನೂ ನೋಡುತ್ತಿರಬೇಕು. ಅದು ಆಗದ ಹೊತ್ತಲ್ಲಿ ಗೇಟ್ ಹಾಕಬೇಕು. ಅಜ್ಜಿಗೆ ಇದು ಎಲ್ಲರಿಗಿಂತ ಬೇಗ ಅರ್ಥವಾಯಿತು. ಪರಚಿದರೂ ಸರಿ, ಹಲ್ಲು ತಾಗಿದರೂ ಸರಿ, ಲಸಿಕೆ ಹಾಕಿಸಿದ ನಾಯಿಯೇ ಆದರೂ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಡಾಕ್ಟರಿಗೆ ತೋರಿಸಬೇಕು ಅಂತ ಹೇಳಿದ್ದನ್ನು ಬರೆಸಿ ಗೋಡೆಗೆ ಅಂಟಿಸಿದವರೂ ಅವರೇ.

ಮೊದಲ ವಾರಗಳು ಆರಾಮಾಗಿ ಹೋದವು. ಎರಡನೇ ತಿಂಗಳಲ್ಲಿ ಒಂದು ಸಂಜೆ ಅಮ್ಮನ ಫೋನ್ ಬಂತು. ಜೇನು ಊಟದ ಮೇಜಿನ ಕೆಳಗೆ ಮಲಗಿತ್ತು, ಹುಡುಗ ಚೆಂಡು ತೆಗೆಯಲು ಒಳಗೆ ತೆವಳಿ ಅದರ ತಲೆ ಮೇಲೆ ಕೈ ಊರಿದ್ದ, ನಾಯಿ ಗುರ್ ಅಂದಿತ್ತು. ಕಚ್ಚಲಿಲ್ಲ, ಹಲ್ಲೂ ತಾಗಿಸಲಿಲ್ಲ. ಆದರೆ ಅಪ್ಪ ನಾಯಿಗೆ ಜೋರಾಗಿ ಗದರಿ ಬಾಲ್ಕನಿಗೆ ಹಾಕಿದ್ದರು, ವಾಪಸ್ ಬಿಟ್ಟುಬರುವ ಮಾತೂ ಆಗಿತ್ತು.

ಹೋಗಿ ಕೂತು ಮಾತಾಡಿದೆ. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಹತ್ತಿರ ಬರಬೇಡ ಅಂತ ಅದು ಬಾಯಿಬಿಟ್ಟು ಹೇಳಿದೆ, ಮಗುವಿಗೆ ಏನೂ ಆಗದೇ ಇದ್ದದ್ದು ಅದರಿಂದಲೇ. ಅದಕ್ಕೆ ಶಿಕ್ಷೆ ಕೊಟ್ಟರೆ ನಾಯಿಯ ಕಿರಿಕಿರಿ ಹೋಗುವುದಿಲ್ಲ, ಹೇಳುವುದನ್ನು ಮಾತ್ರ ನಿಲ್ಲಿಸುತ್ತದೆ. ಆಮೇಲೆ ನಮಗೆ ಸಿಗುವುದು ಸದ್ದಿಲ್ಲದೆ ಕಚ್ಚುವ ನಾಯಿ. ಗುರ್ ಅಂದಾಗ ಮಗುವನ್ನು ಮೆತ್ತಗೆ ದೂರ ಕರೆದುಕೊಂಡು ಹೋಗಿ, ಯಾಕೆ ಅಂದಿತು ಅಂತ ಹುಡುಕಬೇಕು.

ಹುಡುಕಿದೆವು. ಮೊದಲನೇ ಕಾರಣ ಸುಲಭ, ಮೇಜಿನ ಕೆಳಗೆ ಹೊರಗೆ ಹೋಗಲು ದಾರಿ ಇರಲಿಲ್ಲ, ಮೂರು ಕಡೆ ಗೋಡೆ ಮತ್ತು ಕುರ್ಚಿ. ಆದರೆ ಇಷ್ಟು ದಿನ ಇಂಥದ್ದಕ್ಕೆಲ್ಲ ಎದ್ದು ಹೋಗುತ್ತಿದ್ದ ನಾಯಿ ಈಗ ಯಾಕೆ ಹೀಗೆ? ಅಮ್ಮ ಯೋಚಿಸಿ, ಒಂದು ವಾರದಿಂದ ತಲೆ ಕೊಡವುತ್ತಾ ಇದೆ, ಕಿವಿ ಕೆರೆದುಕೊಳ್ಳುತ್ತಾ ಇದೆ ಅಂದರು. ಪಶುವೈದ್ಯರು ನೋಡಿದಾಗ ಬಲಗಿವಿಯ ಒಳಗೆ ಸೋಂಕು, ಕೆಂಪಾಗಿ ಊದಿಕೊಂಡಿತ್ತು. ಹುಡುಗನ ಕೈ ಬಿದ್ದದ್ದು ಅದರ ಮೇಲೇ.

ಔಷಧಿ ಹಾಕಿ ಕಿವಿ ವಾಸಿಯಾಗುವವರೆಗೂ ಹುಡುಗನಿಗೂ ಜೇನುವಿಗೂ ಗೇಟ್ ಮಧ್ಯೆ ಇರಲಿ ಅಂದೆ. ಮೇಜಿನ ಕೆಳಗೆ ಹೋಗದ ಹಾಗೆ ಅಡ್ಡ ಹಾಕಿದರು. ಜೇನು ಎದ್ದು ಗೇಟ್ ಕಡೆ ನಡೆದರೆ ಏನು ಮಾಡುತ್ತಿದ್ದರೂ ಬಿಟ್ಟು ಗೇಟ್ ತೆರೆಯಬೇಕು ಅಂತ ಒಂದು ನಿಯಮ ಸೇರಿಸಿದೆವು. ಇದನ್ನು ಮಗಳು ವಹಿಸಿಕೊಂಡಳು. ಗದರಿಸಿಕೊಂಡ ಮೇಲೆ ಜೇನು ಅಪ್ಪನ ಹತ್ತಿರ ಹೋಗುತ್ತಿರಲಿಲ್ಲ, ಅವರು ಬಂದರೆ ಬೇರೆ ಕೋಣೆಗೆ ಹೋಗುತ್ತಿತ್ತು. ಬೆಳಗಿನ ವಾಕ್ ನೀವೇ ಮಾಡಿ, ಏನೂ ಹೇಳಬೇಡಿ, ಜೊತೆಗೆ ನಡೆಯಿರಿ ಸಾಕು ಅಂದೆ. ಅವರು ಒಂದು ದಿನವೂ ತಪ್ಪಿಸಲಿಲ್ಲ. ಕೆಲವು ವಾರಗಳಲ್ಲಿ ಬಾಗಿಲ ಬೀಗದ ಸದ್ದಿಗೆ ಜೇನು ಎದ್ದು ಬರುವ ಹಾಗಾಯಿತು. ಮರಿಯೇ ಬೇಕು ಅಂತಿದ್ದವರು ಆಮೇಲೆ ಆ ಮಾತನ್ನು ಎತ್ತಲಿಲ್ಲ.

ಈಗ ಜೇನು ಬಂದು ವರ್ಷ ಕಳೆದಿದೆ. ಹುಡುಗನಿಗೆ ನಾಲ್ಕು ತುಂಬಿದೆ. ಕೂತು ತೊಡೆ ತಟ್ಟಿದರೆ ಹೆಚ್ಚಿನ ಸಲ ಜೇನು ಬರುತ್ತದೆ, ಬರದಿದ್ದರೆ ಅವನು ಅಜ್ಜಿಯ ಹತ್ತಿರ ಹೋಗಿ ದೂರು ಹೇಳುತ್ತಾನೆ. ಬೇರೆ ಮಕ್ಕಳು ಆಡಲು ಬಂದಾಗ ಜೇನು ಗೇಟ್ ಒಳಗೆ ಇರುತ್ತದೆ, ಅದರಲ್ಲಿ ರಿಯಾಯಿತಿ ಇಲ್ಲ, ಹೊಸ ಮಕ್ಕಳ ಗಲಾಟೆಯನ್ನು ಅದು ಒಪ್ಪಿಕೊಳ್ಳಬೇಕು ಅಂತ ನಾವು ಯಾಕೆ ಬಯಸಬೇಕು? ಕಿವಿಯನ್ನು ವಾರಕ್ಕೊಮ್ಮೆ ನೋಡುತ್ತಾರೆ, ಸೋಂಕು ಮತ್ತೆ ಬರುವ ಸಾಧ್ಯತೆ ಇದೆ. ಮೊನ್ನೆ ಅಪ್ಪ ಕೇಳಿದರು, "ಇನ್ನು ಇವರಿಬ್ಬರನ್ನೇ ಒಂದು ಹತ್ತು ನಿಮಿಷ ಬಿಟ್ಟು ಹೋಗಬಹುದಾ, ಇಷ್ಟು ಚೆನ್ನಾಗಿದ್ದಾರಲ್ಲ?" ಇಲ್ಲ ಅಂದೆ. ನಾಲ್ಕು ವರ್ಷದ ಮಗುವನ್ನು ಯಾವ ನಾಯಿಯ ಜೊತೆಗೂ ಒಂಟಿಯಾಗಿ ಬಿಡಬಾರದು, ಜೇನುವಿನಂಥ ನಾಯಿಯ ಜೊತೆಗೂ. ಗೇಟ್ ಇನ್ನೂ ಕೆಲವು ವರ್ಷ ಅಲ್ಲೇ ಇರಬೇಕು.